ನಮ್ಮ ಸೀಮೆಗೆ ಟಿ.ವಿ. ಬಂದ ವರ್ಷ ಮತ್ತು ಸತೀಶ್ ಧವನ್



ಈ ಪುಟದಲ್ಲಿ ನಾವು ಹೆಚ್ಚಾಗಿ ಕವಿಗಳ, ದಾಸರ, ವಚನಕಾರರ, ಏಕೀಕರಣಕ್ಕೆ ದುಡಿದ ಹಿರಿಯರ ಬದುಕನ್ನು ಬರೆಯುತ್ತ ಬಂದಿದ್ದೇವೆ. ಈ ಸಲ ಒಬ್ಬ ಇಂಜಿನಿಯರ್ ಬಗ್ಗೆ ಬರೆಯುತ್ತಿದ್ದೇವೆ. ಅವರ ಮನೆಮಾತು ಕನ್ನಡವಲ್ಲ, ಹುಟ್ಟಿದ್ದು ಶ್ರೀನಗರದಲ್ಲಿ, ಓದಿದ್ದು ಲಾಹೋರಿನಲ್ಲಿ. ಆದರೆ ಬದುಕಿನ ಐವತ್ತು ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು, ಅಲ್ಲೇ ತೀರಿಕೊಂಡರು. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯವರಾದ ನಮಗೆ ಅವರ ಹೆಸರು ಹತ್ತಿರವಾಗಲು ಇನ್ನೊಂದು ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇವೆ.

ಸತೀಶ್ ಧವನ್ ಎಂದರೆ ಇಂದಿನ ಮಕ್ಕಳಿಗೆ ಶ್ರೀಹರಿಕೋಟಾದ ರಾಕೆಟ್ ಕೇಂದ್ರದ ಹೆಸರು. ಟಿ.ವಿ.ಯಲ್ಲಿ ರಾಕೆಟ್ ಏರುವಾಗಲೆಲ್ಲ ಆ ಹೆಸರು ಕೇಳಿಸುತ್ತದೆ, ಆದರೆ ಅದು ಯಾರ ಹೆಸರು ಎಂದು ಕೇಳಿದರೆ ಅನೇಕರು ತಡವರಿಸುತ್ತಾರೆ. ನಮ್ಮ ಊರುಗಳ ಎಷ್ಟೋ ಮನೆಗಳ ಮಕ್ಕಳು ಈಗ ಹೈದರಾಬಾದ್, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮತ್ತು ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದ್ದಾರೆ. ಸಿಸ್ಟಮ್ಸ್ ಇಂಜಿನಿಯರ್, ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಮಾತುಗಳು ಮದುವೆ ಮಾತುಕತೆಯಲ್ಲೂ ಬಂದು ಹೋಗುತ್ತವೆ. ಆ ಕೆಲಸ ಏನು ಎಂದು ಮನೆಯ ಹಿರಿಯರು ಕೇಳಿದರೆ ಹುಡುಗರಿಗೆ ವಿವರಿಸಲು ಬರುವುದಿಲ್ಲ. ಧವನ್ ಅವರ ಬದುಕನ್ನು ಹೇಳಿದರೆ ಅದಕ್ಕೂ ಸ್ವಲ್ಪ ಉತ್ತರ ಸಿಗಬಹುದು ಎಂದು ನಮಗೆ ಅನಿಸಿತು.

ಅವರು ಹುಟ್ಟಿದ್ದು 1920ರ ಸೆಪ್ಟೆಂಬರ್ 25ರಂದು. ತಂದೆ ನ್ಯಾಯಾಧೀಶರು. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಅವರು ಮಾಡಿದ ಪದವಿಗಳ ಸಾಲು ನೋಡಿದರೆ ಯಾರಿಗಾದರೂ ಆಶ್ಚರ್ಯವಾಗುತ್ತದೆ: ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಆಮೇಲೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಅದಾದ ಮೇಲೆ ಮೆಕ್ಯಾನಿಕಲ್ ಇಂಜಿನಿಯರಿಂಗ್. ಸ್ವಲ್ಪ ಕಾಲ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಇದ್ದು, ನಂತರ ಅಮೆರಿಕಕ್ಕೆ ಹೋದರು. ಮಿನೆಸೋಟಾದಲ್ಲಿ ಎಂ.ಎಸ್., ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ 1951ರಲ್ಲಿ ಪಿಎಚ್.ಡಿ. ಅವರು ದೇಶದಾಚೆ ಇದ್ದಾಗಲೇ ದೇಶ ಎರಡಾಯಿತು, ಓದಿದ ಲಾಹೋರು ಗಡಿಯ ಆಚೆಗೆ ಹೋಯಿತು. ಗಡಿ ಸರಿದು ಊರು ಇನ್ನೊಂದು ಕಡೆಗೆ ಹೋಗುವುದು ಎಂದರೇನೆಂದು ಗದ್ವಾಲ್‌ನವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. 1956ರವರೆಗೆ ಗದ್ವಾಲ್, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯವೇ ಆಗಿದ್ದವು. ಪಂಜಾಬದ ಗಾಯದ ಮುಂದೆ ನಮ್ಮದು ಬಹಳ ಸಣ್ಣದು, ಅದನ್ನೂ ಒಪ್ಪಿಕೊಳ್ಳಬೇಕು.

ಕ್ಯಾಲ್‌ಟೆಕ್‌ನಲ್ಲಿ ಹ್ಯಾನ್ಸ್ ಲೀಪ್‌ಮನ್ ಅವರ ಕೈಕೆಳಗೆ ಧವನ್ ಮಾಡಿದ ಸಂಶೋಧನೆ ಗಾಳಿಯ ಉಜ್ಜಾಟದ ಮೇಲೆ. ವೇಗವಾಗಿ ಹರಿಯುವ ಗಾಳಿ ಒಂದು ನುಣುಪು ತಗಡನ್ನು ಎಷ್ಟು ಬಲದಿಂದ ಎಳೆಯುತ್ತದೆ ಎಂಬುದನ್ನು ಲೆಕ್ಕ ಹಾಕಿ ಊಹಿಸದೆ ನೇರವಾಗಿ ಅಳೆಯಬೇಕಿತ್ತು. ತಗಡಿನ ಒಂದು ಸಣ್ಣ ತುಂಡನ್ನು ಸುತ್ತಲಿನಿಂದ ಬಿಡಿಸಿ ತೇಲುವಂತೆ ನಿಲ್ಲಿಸಿ, ಅದು ಕಣ್ಣಿಗೆ ಕಾಣದಷ್ಟು ಸರಿದದ್ದನ್ನು ವಿದ್ಯುತ್ ಸಂಕೇತವಾಗಿ ಹಿಡಿಯುವ ಉಪಕರಣವನ್ನು ಅವರು ಕಟ್ಟಿದರು. ಗಾಳಿ, ಲೋಹ, ವಿದ್ಯುತ್ತು ಮೂರೂ ಒಂದರೊಳಗೊಂದು ಕೂಡಿಕೊಂಡ ಕೆಲಸ ಅದು. ಅವರು ಮುಂದೆ ಮಾಡಿದ್ದೆಲ್ಲ ಇದೇ ಜಾತಿಯದು, ಅಳತೆ ಮಾತ್ರ ದೊಡ್ಡದು.

1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದರು. ನಮ್ಮ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಜಾಗ ಅದು. ದೇಶದ ಮೊದಲ ಸೂಪರ್‌ಸಾನಿಕ್ ಗಾಳಿ ಸುರಂಗವನ್ನು ಅಲ್ಲಿ ಕಡಿಮೆ ಖರ್ಚಿನಲ್ಲಿ ಕಟ್ಟಿದರು. ಹರಿದು ಬೀಳುವಷ್ಟು ದುಡ್ಡಿದ್ದ ಅಮೆರಿಕದ ಪ್ರಯೋಗಾಲಯದಿಂದ ಬಂದವರು ಇಲ್ಲಿ ಚಿಕ್ಕ ಸುರಂಗದಿಂದ ಆರಂಭಿಸಿದ್ದು ನಮಗೆ ಮೆಚ್ಚಿಗೆಯಾದ ಸಂಗತಿ. 1962ರಲ್ಲಿ ಅದೇ ಸಂಸ್ಥೆಯ ನಿರ್ದೇಶಕರಾದರು. ವಯಸ್ಸು ಆಗ ನಲವತ್ತರ ಆಸುಪಾಸು. 1981ರವರೆಗೆ ಆ ಕುರ್ಚಿಯಲ್ಲಿದ್ದರು. ಆ ಕಾಲದಲ್ಲಿ ಅವರು ಕರೆತಂದವರು, ಬೆಳೆಸಿದವರು ಬಹಳ ಮಂದಿ. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಸಂಸ್ಥೆಯೊಳಗೆ ಶುರುವಾದ ಅಸ್ತ್ರ ಎಂಬ ಘಟಕಕ್ಕೂ ಅವರ ಬೆಂಬಲ ಇತ್ತು. ಅದರ ಒಲೆಗಳ ಬಗ್ಗೆ ಇನ್ನೊಮ್ಮೆ ಬರೆಯೋಣ.

ಈಗ ಮುಖ್ಯ ಕಥೆಗೆ ಬರೋಣ. 1971ರ ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯಿ ಕೋವಳಂನಲ್ಲಿ ಹಠಾತ್ತನೆ ತೀರಿಕೊಂಡರು. ಭಾರತದ ಬಾಹ್ಯಾಕಾಶ ಕೆಲಸವೆಲ್ಲ ಅವರೊಬ್ಬರ ಕನಸಿನ ಸುತ್ತ ನಿಂತಿತ್ತು. ಧವನ್ ಆಗ ಒಂದು ವರ್ಷದ ರಜೆಯ ಮೇಲೆ ಕ್ಯಾಲ್‌ಟೆಕ್‌ನಲ್ಲಿದ್ದರು. ಪ್ರಧಾನಿ ಇಂದಿರಾ ಗಾಂಧಿ ಅವರಿಂದ ಕರೆ ಹೋಯಿತು. ಧವನ್ ಒಪ್ಪಿದರು, ಆದರೆ ಎರಡು ಷರತ್ತು ಹಾಕಿ ಒಪ್ಪಿದರು. ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಮುಂದುವರಿಯುವುದು ಒಂದು, ಬಾಹ್ಯಾಕಾಶ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರುವುದು ಇನ್ನೊಂದು. ಎರಡಕ್ಕೂ ಸರ್ಕಾರ ಹೂಂ ಎಂದಿತು. ಅಲ್ಲಿನ ಪಾಠ ಮುಗಿಸಿಕೊಂಡೇ ಬಂದರು, ಅಷ್ಟರವರೆಗೆ ಎಂ.ಜಿ.ಕೆ. ಮೆನನ್ ನೋಡಿಕೊಂಡರು. 1972ರಲ್ಲಿ ಧವನ್ ಇಸ್ರೋ ಅಧ್ಯಕ್ಷರಾದರು. ಬೆಂಗಳೂರು ಇವತ್ತು ಬಾಹ್ಯಾಕಾಶದ ಊರಾಗಿರುವುದರಲ್ಲಿ ಆ ಎರಡನೆಯ ಷರತ್ತಿನ ಪಾಲು ದೊಡ್ಡದು.

ಅವರ ಕೈಗೆ ಬಂದದ್ದು ಅಲ್ಲಲ್ಲಿ ಹರಡಿಕೊಂಡಿದ್ದ ಗುಂಪುಗಳು. ತಿರುವನಂತಪುರದಲ್ಲಿ ರಾಕೆಟ್ಟಿನವರು, ಅಹಮದಾಬಾದಿನಲ್ಲಿ ಸಂಪರ್ಕದವರು, ಶ್ರೀಹರಿಕೋಟಾದಲ್ಲಿ ಉಡಾವಣೆಯವರು, ಬೆಂಗಳೂರಿನಲ್ಲಿ ಉಪಗ್ರಹದವರು. ಒಬ್ಬೊಬ್ಬರೂ ತಮ್ಮ ವಿದ್ಯೆಯಲ್ಲಿ ನಿಪುಣರು. ಆದರೆ ರಾಕೆಟ್ಟು, ಉಪಗ್ರಹ, ಟಿ.ವಿ. ಸೆಟ್ಟು ಇವು ಒಬ್ಬರ ವಿದ್ಯೆಯಿಂದ ಆಗುವ ವಸ್ತುಗಳಲ್ಲ. ನಮ್ಮ ಗದ್ವಾಲ್ ಸೀರೆಯನ್ನೇ ನೋಡಿ. ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಹತ್ತಿ ನೇಯುವುದು ಬಲ್ಲವರು ಬೇಕಾದಷ್ಟು, ರೇಷ್ಮೆ ನೇಯುವವರೂ ಉಂಟು. ನೇಕಾರರ ಕೈಚಳಕ ಪರೀಕ್ಷೆಗೆ ಬರುವುದು ಹತ್ತಿ ಮತ್ತು ರೇಷ್ಮೆ ಕೂಡುವ ಗೆರೆಯಲ್ಲಿ. ಅಲ್ಲಿ ಎಳೆ ಎಳೆ ಕೊಂಡಿ ಹಾಕಿಕೊಳ್ಳದಿದ್ದರೆ ಅಂಚು ಒಂದು ಕಡೆ, ಒಡಲು ಒಂದು ಕಡೆ. ಸಿಸ್ಟಮ್ಸ್ ಇಂಜಿನಿಯರಿಂಗ್ ಎಂದರೆ ಬಹುಮಟ್ಟಿಗೆ ಆ ಗೆರೆಯನ್ನು ಕಾಯುವ ಕೆಲಸ. ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಎಷ್ಟು ವೋಲ್ಟ್ ಹೋಗಬೇಕು, ಎಷ್ಟು ತೂಕ ಸಲ್ಲುತ್ತದೆ, ಯಾವ ತಾರೀಖಿಗೆ ಕೈ ಸೇರಬೇಕು, ಸೇರದಿದ್ದರೆ ಇನ್ಯಾರ ಕೆಲಸ ನಿಲ್ಲುತ್ತದೆ ಎಂಬುದನ್ನೆಲ್ಲ ಮೊದಲೇ ಬರೆದಿಟ್ಟುಕೊಂಡು, ಆಮೇಲೆ ಅದರಂತೆ ನಡೆದಿದೆಯೇ ಎಂದು ಬಿಡದೆ ಕೇಳುವುದು.

ಧವನ್ ಮಾಡಿದ್ದು ಇದನ್ನು. ಕೇಂದ್ರಗಳು ವಿದ್ಯೆಯನ್ನು ಬೆಳೆಸಬೇಕು, ಯೋಜನೆಗಳು ಆ ಕೇಂದ್ರಗಳಿಂದ ಜನರನ್ನು ಪಡೆದು ವಸ್ತುವನ್ನು ತಯಾರಿಸಬೇಕು ಎಂಬ ಏರ್ಪಾಡು ತಂದರು. ಪ್ರತಿ ಯೋಜನೆಗೂ ಒಬ್ಬ ಹೊಣೆಗಾರ, ಒಂದು ಬಜೆಟ್ಟು, ಒಂದು ಗಡುವು. ಆ ಹೊಣೆಗಾರ ವಯಸ್ಸಿನಲ್ಲಿ ಚಿಕ್ಕವನಾದರೂ ಅವನ ಯೋಜನೆಯ ಮಟ್ಟಿಗೆ ಅವನ ಮಾತು ನಡೆಯಬೇಕು. ಆಗಾಗ ಪರಿಶೀಲನಾ ಸಭೆ, ಅಲ್ಲಿ ಹೊರಗಿನ ತಜ್ಞರೂ ಕೂತು ತಪ್ಪು ಹುಡುಕಬೇಕು. ತಪ್ಪು ತೋರಿಸಿದ ಕಿರಿಯನ ಮೇಲೆ ಸಿಟ್ಟಾಗಬಾರದು. ಸರ್ಕಾರಿ ಕಚೇರಿಗಳನ್ನು ಬಲ್ಲ ನಮ್ಮ ಸದಸ್ಯರಿಗೆ ಈ ಕೊನೆಯ ಮಾತು ಎಷ್ಟು ಕಷ್ಟದ್ದೆಂದು ಗೊತ್ತು.

ಮೊದಲ ಫಲ ಆರ್ಯಭಟ. 1972ರ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ಒಪ್ಪಂದವಾಗಿತ್ತು: ಉಪಗ್ರಹ ನಮ್ಮದು, ರಾಕೆಟ್ ಅವರದು. ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ಮುಂದಾಳು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೀಟು ಹೊದಿಸಿದ ಶೆಡ್ಡುಗಳಲ್ಲಿ ಕೆಲಸ. ಅಲ್ಲಿದ್ದವರಲ್ಲಿ ಹೆಚ್ಚಿನವರು ಉಪಗ್ರಹವನ್ನು ಕಣ್ಣಾರೆ ಕಂಡವರಲ್ಲ. ಸೌರಕೋಶ, ಬ್ಯಾಟರಿಯಂಥ ಕೆಲವು ಭಾಗಗಳು ರಷ್ಯಾದಿಂದ ಬಂದವು, ಉಳಿದ ಎಲೆಕ್ಟ್ರಾನಿಕ್ಸ್ ಇಲ್ಲೇ ಆಗಬೇಕಿತ್ತು. ಒಂದೇ ಸಲ ಹಾರುವ ಉಪಗ್ರಹ ಕಟ್ಟಲಿಲ್ಲ. ಅಲುಗಾಟ ತಡೆಯುತ್ತದೆಯೇ ಎಂದು ನೋಡಲು ಒಂದು ಮಾದರಿ, ವಿದ್ಯುತ್ ಜೋಡಣೆ ನೋಡಲು ಇನ್ನೊಂದು, ಎಲ್ಲ ಸೇರಿಸಿ ಪರೀಕ್ಷಿಸಲು ಮತ್ತೊಂದು, ಹೀಗೆ ಹಂತ ಹಂತವಾಗಿ ಹೋದರು. 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಕಪುಸ್ತಿನ್ ಯಾರ್‌ನಿಂದ ಏರಿತು. ಕೆಲವೇ ದಿನಗಳಲ್ಲಿ ಒಳಗಿನ ವಿಜ್ಞಾನ ಪ್ರಯೋಗಗಳಿಗೆ ವಿದ್ಯುತ್ ಕೊಡುವ ಭಾಗ ಕೆಟ್ಟಿತು, ಪ್ರಯೋಗಗಳು ನಿಂತವು. ಆದರೆ ಉಪಗ್ರಹದ ಉಳಿದ ವ್ಯವಸ್ಥೆ ವರ್ಷಗಟ್ಟಲೆ ನಡೆಯಿತು. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರ ಚಿತ್ರ ಇತ್ತು. ನಿಮ್ಮಲ್ಲಿ ಯಾರ ಪೆಟ್ಟಿಗೆಯಲ್ಲಾದರೂ ಇದ್ದರೆ ತೆಗೆದು ನೋಡಿ.

ಅದೇ 1975ರಲ್ಲಿ ನಮ್ಮ ಸೀಮೆಗೆ ಆ ಇನ್ನೊಂದು ಕೆಲಸ ಬಂತು. ಸೈಟ್ ಎಂದು ಕರೆದ ಉಪಗ್ರಹ ಶಿಕ್ಷಣ ಟಿ.ವಿ. ಪ್ರಯೋಗ ಅದು. ಕನಸು ಸಾರಾಭಾಯಿ ಅವರದು. ಅಮೆರಿಕದ ನಾಸಾ ಜತೆ 1969ರಲ್ಲೇ ಒಪ್ಪಂದವಾಗಿತ್ತು. ನಡೆಸಿಕೊಡುವ ಹೊಣೆ ಧವನ್ ಕಾಲಕ್ಕೆ ಬಂತು. ನಾಸಾ ತನ್ನ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಕಾಣುವ ಜಾಗಕ್ಕೆ ಸರಿಸಿ ಕೊಡುತ್ತದೆ, ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಟಿ.ವಿ. ಇಡುವುದು ನಮ್ಮ ಕೆಲಸ. ಕರ್ನಾಟಕದಲ್ಲಿ ಆರಿಸಿದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಆಂಧ್ರಪ್ರದೇಶದಲ್ಲಿ ಆರಿಸಿದ ಜಿಲ್ಲೆಗಳಲ್ಲಿ ಮಹಬೂಬ್‌ನಗರವೂ ಒಂದು. ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಮೂರೂ ಆಗ ಮಹಬೂಬ್‌ನಗರ ಜಿಲ್ಲೆಯವೇ. ಅಂದರೆ ಗಡಿಯ ಆ ಬದಿಗೂ ಈ ಬದಿಗೂ ಒಂದೇ ವರ್ಷ, ಒಂದೇ ಉಪಗ್ರಹದಿಂದ ಚಿತ್ರ ಇಳಿಯಿತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ರಾಯಚೂರಿನ ಹಳ್ಳಿ ಮಕ್ಕಳು ಟಿ.ವಿ. ಎದುರು ಕೂತಿದ್ದರು ಎಂದರೆ ಬೆಂಗಳೂರಿನ ನೆಂಟರು ನಂಬುವುದಿಲ್ಲ!

ಕನ್ನಡ ಸಂಘದವರಾಗಿ ನಾವು ಹೆಮ್ಮೆಯಿಂದ ಹೇಳುವ ಇನ್ನೊಂದು ವಿಷಯ ಇದೆ. ಆ ಕಾರ್ಯಕ್ರಮಗಳು ಹಿಂದಿ, ಒರಿಯಾ, ತೆಲುಗು, ಕನ್ನಡ ಈ ನಾಲ್ಕು ಭಾಷೆಗಳಲ್ಲಿ ಇದ್ದವು. ತಯಾರಿಕಾ ಕೇಂದ್ರಗಳು ದೆಹಲಿ, ಕಟಕ್ ಮತ್ತು ಹೈದರಾಬಾದ್. ತೆಲುಗು, ಕನ್ನಡ ಎರಡೂ ತಯಾರಾದದ್ದು ಹೈದರಾಬಾದಿನಲ್ಲಿ. ಟಿ.ವಿ. ಮೊದಲು ಕನ್ನಡ ಮಾತಾಡಿದ ದಿನಗಳಲ್ಲಿ ಆ ಮಾತು ಹೊರಟದ್ದು ಇವತ್ತಿನ ತೆಲಂಗಾಣದ ರಾಜಧಾನಿಯಿಂದ.

ಈ ಕೆಲಸದ ಒಳಗಿನ ಲೆಕ್ಕ ನೋಡಿದರೆ ಸಿಸ್ಟಮ್ಸ್ ಇಂಜಿನಿಯರಿಂಗ್ ಏನೆಂದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಆ ಕಾಲದ ಸಾಮಾನ್ಯ ಉಪಗ್ರಹಗಳ ಸಂಕೇತ ಬಹಳ ಕ್ಷೀಣ. ಅದನ್ನು ಹಿಡಿಯಲು ದೊಡ್ಡ ನಗರದಲ್ಲಿ ಕೋಟಿಗಟ್ಟಲೆ ಬೆಲೆಯ ಬೃಹತ್ ಆಂಟೆನಾ ಬೇಕು. ಎಟಿಎಸ್-6 ಮೇಲೆ ಹೋಗಿ ಕೊಡೆಯಂತೆ ಬಿಚ್ಚಿಕೊಳ್ಳುವ ಒಂಬತ್ತು ಮೀಟರ್ ಅಗಲದ ಆಂಟೆನಾ ಹೊತ್ತಿತ್ತು. ಭಾರವನ್ನು ಮೇಲೆ ಹಾಕಿದ್ದರಿಂದ ಕೆಳಗೆ ಹಗುರವಾಯಿತು. ಹಳ್ಳಿಯಲ್ಲಿ ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ಹತ್ತು ಅಡಿಯ ಛತ್ರಿ ಸಾಕಾಯಿತು. ಅದರ ಸಂಕೇತವನ್ನು ಟಿ.ವಿ.ಗೆ ಒಗ್ಗುವಂತೆ ಮಾಡುವ ಪೆಟ್ಟಿಗೆಯನ್ನು ಇಸ್ರೋದವರು ಅಹಮದಾಬಾದಿನಲ್ಲಿ ರೂಪಿಸಿದರು. ಸೆಟ್ಟುಗಳನ್ನು ತಯಾರಿಸಿದ್ದು ಹೈದರಾಬಾದಿನ ಇಸಿಐಎಲ್.

ಒಂದು ಸೆಟ್ಟು ಪ್ರಯೋಗಾಲಯದಲ್ಲಿ ಚೆನ್ನಾಗಿ ನಡೆದರೆ ಸಾಲದು. ನಮ್ಮ ಮೇ ತಿಂಗಳ ಬಿಸಿಲು ನಿಮಗೆ ಗೊತ್ತು, ಎರೆಮಣ್ಣಿನ ಧೂಳು ಗೊತ್ತು, ಸಂಜೆಯ ಕರೆಂಟಿನ ಏರಿಳಿತ ಗೊತ್ತು. ಎತ್ತಿನ ಗಾಡಿಯ ದಾರಿಯಲ್ಲಿ ಕುಲುಕಿಕೊಂಡು ಬಂದ ಮೇಲೂ, ಟಿ.ವಿ.ಯನ್ನೇ ನೋಡದ ಒಬ್ಬ ಶಾಲಾ ಮೇಷ್ಟ್ರು ಗುಂಡಿ ಒತ್ತಿದಾಗ ಅದು ಹೊತ್ತಿಕೊಳ್ಳಬೇಕು. ಕರೆಂಟೇ ಇಲ್ಲದ ಕೆಲವು ಹಳ್ಳಿಗಳಿಗೆ ಬ್ಯಾಟರಿಯ ಸೆಟ್ಟು. ಕೆಟ್ಟರೆ ರಿಪೇರಿಗೆ ಹತ್ತಿರದಲ್ಲಿ ಜನ, ಜೀಪು, ಬಿಡಿಭಾಗ. ಇಷ್ಟೂ ಮಾಡಿದ ಮೇಲೆ ನೋಡಲು ಕಾರ್ಯಕ್ರಮ ಇರಬೇಕು, ಅದು ಆಗ ಆಕಾಶವಾಣಿಯ ಟಿ.ವಿ. ವಿಭಾಗದ ಹೊಣೆ. ಸೆಟ್ಟು ಇಡಲು ಕಟ್ಟಡ, ಅದಕ್ಕೆ ಕರೆಂಟು ರಾಜ್ಯ ಸರ್ಕಾರಗಳ ಹೊಣೆ. ಉಪಗ್ರಹ ಅಮೆರಿಕದವರದು. ಇವರಲ್ಲಿ ಒಬ್ಬರು ತಡ ಮಾಡಿದರೂ ಉಪಗ್ರಹ ಕಾಯುವುದಿಲ್ಲ. ಒಂದು ವರ್ಷ ಮುಗಿದರೆ ಅದು ಹೊರಟುಹೋಗುತ್ತದೆ.

1975ರ ಆಗಸ್ಟ್ 1ರಂದು ಶುರುವಾಯಿತು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರವರಿಗೆ, ಒಟ್ಟು ದಿನಕ್ಕೆ ನಾಲ್ಕು ಗಂಟೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ಆಟ. ಜನ ಏನು ನೋಡುತ್ತಾರೆ, ಏನನ್ನು ಬಿಟ್ಟೇಳುತ್ತಾರೆ ಎಂದು ತಿಳಿಯಲು ಸಮಾಜಶಾಸ್ತ್ರ ಓದಿದವರನ್ನೂ ಹಳ್ಳಿಗಳಲ್ಲಿ ಇರಿಸಿದರು. ಅದೂ ವ್ಯವಸ್ಥೆಯ ಒಂದು ಭಾಗವೇ ಎಂದು ಆಗಲೇ ಅರಿತಿದ್ದು ನಮ್ಮ ದೃಷ್ಟಿಯಲ್ಲಿ ದೊಡ್ಡತನ. ಈಗಿನ ಎಷ್ಟೋ ಆ್ಯಪ್‌ಗಳನ್ನು ಮಾಡುವವರು ಬಳಸುವವರ ಮುಖವನ್ನೇ ನೋಡಿರುವುದಿಲ್ಲ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಮರುವರ್ಷ ಗುಲಬರ್ಗಾದಲ್ಲಿ ನೆಲದ ಟಿ.ವಿ. ಕೇಂದ್ರ ಬಂತು. ಕರ್ನಾಟಕದ ಮೊದಲ ದೂರದರ್ಶನ ಕೇಂದ್ರ ಅದೇ.

ಧವನ್ ಅವರ ಹೆಸರು ಸೈಟ್ ಕಥೆಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಯಶ್ ಪಾಲ್, ಇ.ವಿ. ಚಿಟ್ನಿಸ್ ಹೆಸರುಗಳು ಬರುತ್ತವೆ, ಆರ್ಯಭಟ ಎಂದರೆ ಯು.ಆರ್. ರಾವ್, ರಾಕೆಟ್ ಎಂದರೆ ಕಲಾಂ. ಅದು ಆಕಸ್ಮಿಕ ಅಲ್ಲ, ಅವರ ಪದ್ಧತಿಯೇ ಹಾಗೆ ಎಂದು ನಾವು ತಿಳಿಯುತ್ತೇವೆ. ಇದಕ್ಕೆ ಎಲ್ಲರೂ ಬಲ್ಲ ಒಂದು ಸಾಕ್ಷಿ ಇದೆ.

ದೇಶದ ಮೊದಲ ಉಪಗ್ರಹ ರಾಕೆಟ್ ಎಸ್‌ಎಲ್‌ವಿ-3. ನಾಲ್ಕು ಹಂತ, 22 ಮೀಟರ್ ಎತ್ತರ, 17 ಟನ್ ತೂಕ. ಯೋಜನೆಯ ಹೊಣೆಗಾರ ಎ.ಪಿ.ಜೆ. ಅಬ್ದುಲ್ ಕಲಾಂ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಲ್ಲಿ ಮೊದಲ ಹಾರಾಟ. ಕಲಾಂ ಮುಂದೆ ಅನೇಕ ವೇದಿಕೆಗಳಲ್ಲಿ ಹೇಳಿಕೊಂಡಂತೆ, ಉಡಾವಣೆಗೆ ಕೆಲವೇ ನಿಮಿಷ ಇರುವಾಗ ಕಂಪ್ಯೂಟರ್ ತಡೆ ಹಾಕಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಸೋರಿಕೆ. ತಜ್ಞರು ಲೆಕ್ಕ ನೋಡಿ ದ್ರವ ಸಾಕಷ್ಟಿದೆ, ಹೋಗಬಹುದು ಎಂದರು. ಕಲಾಂ ಕಂಪ್ಯೂಟರಿನ ತಡೆಯನ್ನು ಬದಿಗಿರಿಸಿ ರಾಕೆಟ್ ಬಿಟ್ಟರು. ಮೊದಲ ಹಂತ ಚೆನ್ನಾಗಿ ಹೋಯಿತು. ಎರಡನೆಯದು ಹಿಡಿತ ತಪ್ಪಿತು. ಸುಮಾರು ಐದು ನಿಮಿಷದಲ್ಲಿ ಏಳು ವರ್ಷದ ದುಡಿಮೆ ಬಂಗಾಳ ಕೊಲ್ಲಿಯ ಪಾಲಾಯಿತು.

ಹೊರಗೆ ಪತ್ರಕರ್ತರು ಕಾದಿದ್ದರು. ಬಡ ದೇಶಕ್ಕೆ ಈ ಆಟ ಯಾಕೆ ಎಂಬ ಪ್ರಶ್ನೆ ಆಗ ದಿನಾ ಕೇಳುತ್ತಿದ್ದ ಪ್ರಶ್ನೆ. ಧವನ್ ಕಲಾಂ ಅವರನ್ನು ಮುಂದೆ ನಿಲ್ಲಿಸಲಿಲ್ಲ. ಸೋಲು ಸಂಸ್ಥೆಯದು, ತನ್ನದು ಎಂದು ಹೇಳಿ ಎಲ್ಲ ಪ್ರಶ್ನೆಗಳಿಗೂ ತಾವೇ ಉತ್ತರ ಕೊಟ್ಟರು. ತಂಡದ ಮೇಲೆ ಭರವಸೆ ಇದೆ, ಇನ್ನೊಂದು ವರ್ಷದಲ್ಲಿ ಗೆಲ್ಲುತ್ತಾರೆ ಎಂದರು. ಒಳಗೆ ಮಾತ್ರ ಬಿಡಲಿಲ್ಲ. ಯಾವ ಕವಾಟ ಸಿಕ್ಕಿಕೊಂಡಿತು, ನೈಟ್ರಿಕ್ ಆಮ್ಲ ಎಲ್ಲಿಂದ ಸೋರಿತು ಎಂಬ ತನಕ ವಿಚಾರಣೆ ನಡೆಯಿತು. ಹೆಸರು ಕಾಯುವುದು ಹೊರಗಿನವರ ಎದುರು, ಲೆಕ್ಕ ಕೇಳುವುದು ಮನೆಯೊಳಗೆ. 1980ರ ಜುಲೈ 18ರಂದು ಎರಡನೆಯ ಎಸ್‌ಎಲ್‌ವಿ-3 ಏರಿ 35 ಕಿಲೋದ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ಆ ದಿನ ಪತ್ರಕರ್ತರ ಎದುರು ಕೂರಲು ಧವನ್ ಕಲಾಂ ಅವರನ್ನೇ ಕಳಿಸಿದರು.

ಇದನ್ನು ಇಂದು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ನಾಯಕತ್ವದ ಕಥೆಯಾಗಿ ಹೇಳುತ್ತಾರೆ, ಸರಿಯೇ. ಆದರೆ ಕಥೆಯ ಅರ್ಧ ಮಾತ್ರ ಹೇಳುತ್ತಾರೆ ಎಂದು ನಮ್ಮ ತಕರಾರು. ತಪ್ಪು ಒಪ್ಪಿಕೊಂಡವನ ತಲೆ ಹೋಗುವುದಿಲ್ಲ ಎಂಬ ಧೈರ್ಯ ಇಲ್ಲದ ಕಡೆ ಸೋರಿಕೆಯ ಸುದ್ದಿ ಮೇಲಕ್ಕೆ ಬರುವುದೇ ಇಲ್ಲ. ಧವನ್ ಮಾಡಿದ್ದು ಬರೀ ಔದಾರ್ಯವಲ್ಲ, ಇಂಜಿನಿಯರಿಂಗ್ ಕೂಡ.

1981ರ ಜೂನ್ 19ರಂದು ಆಪಲ್ ಎಂಬ ಸಂಪರ್ಕ ಉಪಗ್ರಹ ಯುರೋಪಿನ ಏರಿಯಾನ್ ರಾಕೆಟ್‌ನಲ್ಲಿ ಹೋಯಿತು. ಅದನ್ನು ಎತ್ತಿನ ಗಾಡಿಯ ಮೇಲಿಟ್ಟ ಫೋಟೋ ಎಲ್ಲರೂ ನೋಡಿದ್ದೀರಿ. ಬಡತನದ ಗುರುತೆಂದು ನಗುವವರಿದ್ದಾರೆ. ಆಂಟೆನಾ ಪರೀಕ್ಷೆಗೆ ಸುತ್ತ ಲೋಹ ಇರಬಾರದಿತ್ತು. ಲಾರಿ ತುಂಬ ಕಬ್ಬಿಣ, ಗಾಡಿ ಮರದ್ದು. ಇಷ್ಟೇ ವಿಷಯ. ಆ ಉಪಗ್ರಹದ ಒಂದು ಸೌರ ಫಲಕ ಬಿಚ್ಚಿಕೊಳ್ಳಲಿಲ್ಲ. ಆದರೂ ಹೇಗೋ ಸಂಭಾಳಿಸಿ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಸಿದರು. ಇನ್ಸಾಟ್ ಸರಣಿಯೂ ಅವರ ಕಾಲದಲ್ಲೇ ಶುರುವಾಯಿತು. 1982ರ ಮೊದಲನೆಯದು ಕೆಲವೇ ತಿಂಗಳಲ್ಲಿ ಕೈಕೊಟ್ಟಿತು, 1983ರ ಎರಡನೆಯದು ನಿಂತಿತು.

1984ರಲ್ಲಿ ಯು.ಆರ್. ರಾವ್ ಅವರಿಗೆ ಹೊಣೆ ಒಪ್ಪಿಸಿ ಇಳಿದರು. ಪದ್ಮಭೂಷಣ 1971ರಲ್ಲಿ, ಪದ್ಮವಿಭೂಷಣ 1981ರಲ್ಲಿ ಬಂದಿದ್ದವು. ಆಮೇಲೆ ಹಕ್ಕಿಗಳ ಹಿಂದೆ ಬಿದ್ದರು. ಶ್ರೀಹರಿಕೋಟಾದ ಪಕ್ಕದ ಪುಲಿಕಾಟ್ ಸರೋವರಕ್ಕೆ ಬರುವ ಪಕ್ಷಿಗಳನ್ನು ನೋಡುತ್ತ, ಹಕ್ಕಿಗಳು ಹೇಗೆ ಹಾರುತ್ತವೆ ಎಂಬುದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಗಾಳಿಯ ಎಳೆತವನ್ನು ಅಳೆಯಲು ಹೊರಟ ಹುಡುಗ ಮತ್ತೆ ಗಾಳಿಗೇ ಬಂದು ನಿಂತಂತಾಯಿತು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅದೇ ವರ್ಷ ಶ್ರೀಹರಿಕೋಟಾ ಕೇಂದ್ರಕ್ಕೆ ಅವರ ಹೆಸರು ಬಂತು.

ಕೊನೆಗೆ ಸದಸ್ಯರಲ್ಲಿ ಒಂದು ಕೋರಿಕೆ. 1975ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಅರವತ್ತು ದಾಟಿದ್ದಾರೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ರಾಯಚೂರು ಕಡೆಯ ಬೀಗರ ಊರಿನಲ್ಲಿ ಆ ಟಿ.ವಿ. ನೋಡಿದ ಹಿರಿಯರಿದ್ದರೆ ಕೇಳಿ ಬರೆದು ಕಳಿಸಿ. ಯಾವ ಊರು, ಸೆಟ್ಟು ಶಾಲೆಯಲ್ಲಿತ್ತೇ ಪಂಚಾಯ್ತಿಯಲ್ಲಿತ್ತೇ, ಗುಂಡಿ ಒತ್ತುತ್ತಿದ್ದವರು ಯಾರು, ತಂತಿಯ ಛತ್ರಿ ಆಮೇಲೆ ಏನಾಯಿತು, ಮತ್ತು ನಮಗೆ ಎಲ್ಲಕ್ಕಿಂತ ತಿಳಿಯಬೇಕಾದದ್ದು, ನಿಮ್ಮೂರಿನ ಸೆಟ್ಟು ಸಂಜೆ ಯಾವ ಭಾಷೆಯಲ್ಲಿ ಮಾತಾಡುತ್ತಿತ್ತು. ಫೋಟೋ ಇದ್ದರೆ ಅದನ್ನೂ ಕಳಿಸಿ. ಬಂದವನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.